ಸೂಜಿಯ ವಿಟಮಿನ್, ಗುಳಿಗೆಯ ವಿಟಮಿನ್: ಮೈಗೆ ಹತ್ತುವುದು ಯಾವುದು?



ಗುಂಜಿ, ಲೋಂಡಾ, ನಂದಗಡ, ಜಾಂಬೋಟಿ ಕಡೆಯ ಹಳ್ಳಿಗಳಿಂದ ದವಾಖಾನೆಗೆ ಬರುವವರ ಬಾಯಲ್ಲಿ ವೈದ್ಯರು ಮೇಲಿಂದ ಮೇಲೆ ಕೇಳುವ ಮಾತೊಂದಿದೆ: "ಗುಳಿಗಿ ಬ್ಯಾಡ್ರಿ ಡಾಕ್ಟರ್ ಸಾಹೇಬ್ರ, ಒಂದ್ ತಾಕತ್ತಿನ ಸೂಜಿ ಮಾಡಿಬಿಡ್ರಿ." ಗದ್ದೆಯ ಕೆಲಸ ಮುಗಿಸಿ ಸುಸ್ತಾದವರು, ಬಾಣಂತನ ಮುಗಿಸಿದ ಹೆಣ್ಣುಮಕ್ಕಳು, ವಯಸ್ಸಾದ ತಂದೆ-ತಾಯಿಯನ್ನು ಕರೆತಂದ ಮಕ್ಕಳು, ಎಲ್ಲರದೂ ಇದೇ ಬೇಡಿಕೆ. ಸೂಜಿ ಮಾಡದಿದ್ದರೆ "ಇಲ್ಲಿ ಏನೂ ಮಾಡಲಿಲ್ಲ, ಬರೇ ಗುಳಿಗೆ ಕೊಟ್ಟು ಕಳಿಸಿದರು" ಎಂಬ ಬೇಸರ.

ಇದಕ್ಕೆ ತದ್ವಿರುದ್ಧವಾದ ತಪ್ಪೂ ಒಂದಿದೆ. ಬಿ-12 ಇಂಜೆಕ್ಷನ್ ಬೇಕೇಬೇಕಾದ ರೋಗಿ ನಾಲ್ಕು ಸೂಜಿ ಆದ ಕೂಡಲೇ "ಈಗ ಆರಾಮ ಆಗೇದ" ಎಂದು ಬರುವುದನ್ನೇ ಬಿಡುತ್ತಾರೆ. ಒಂದೆರಡು ವರ್ಷ ಕಳೆದ ಮೇಲೆ ಕಾಲು ಜೋಮು ಹಿಡಿದು, ನಡಿಗೆ ತಪ್ಪಿ, ಗೋಡೆ ಹಿಡಿದುಕೊಂಡು ಬರುತ್ತಾರೆ.

ಈ ಎರಡೂ ತಪ್ಪುಗಳು ಹುಟ್ಟುವುದು ಒಂದೇ ಕಾರಣದಿಂದ. ಸೂಜಿಯಿಂದ ಹೋದ ವಿಟಮಿನ್ ಏನಾಗುತ್ತದೆ, ಬಾಯಿಯಿಂದ ಹೋದದ್ದು ಏನಾಗುತ್ತದೆ ಎಂಬುದನ್ನು ಯಾರೂ ನಿಮಗೆ ಬಿಡಿಸಿ ಹೇಳಿಲ್ಲ. ಅದನ್ನು ಹೇಳುವುದೇ ಈ ಲೇಖನದ ಉದ್ದೇಶ.

ವಿಟಮಿನ್ ಎಂದರೇನು?

ವಿಟಮಿನ್ ಎಂದರೆ ತಾಕತ್ತು ಅಲ್ಲ. ದೇಹಕ್ಕೆ ಶಕ್ತಿ ಬರುವುದು ರೊಟ್ಟಿ, ಅನ್ನ, ಬೇಳೆ, ಎಣ್ಣೆಗಳಿಂದ. ಆ ಆಹಾರವನ್ನು ದೇಹ ಉಪಯೋಗಿಸಿಕೊಳ್ಳಲು, ರಕ್ತ ತಯಾರಿಸಲು, ನರಗಳನ್ನು ಕಾಪಾಡಲು, ಎಲುಬನ್ನು ಗಟ್ಟಿ ಮಾಡಲು ಬೇಕಾಗುವ ಸಹಾಯಕ ವಸ್ತುಗಳೇ ವಿಟಮಿನ್‌ಗಳು. ಒಟ್ಟು 13 ವಿಟಮಿನ್‌ಗಳಿವೆ. ಇವು ಬೇಕಾಗುವುದು ಬಹಳ ಅಲ್ಪ ಪ್ರಮಾಣದಲ್ಲಿ. ಉದಾಹರಣೆಗೆ, ಬಿ-12 ವಿಟಮಿನ್ ವಯಸ್ಕರಿಗೆ ದಿನಕ್ಕೆ ಬೇಕಾಗುವುದು 2ರಿಂದ 2.5 ಮೈಕ್ರೋಗ್ರಾಂ. ಒಂದು ಗ್ರಾಮಿನ ಹತ್ತು ಲಕ್ಷದ ಒಂದು ಪಾಲಿಗೆ ಮೈಕ್ರೋಗ್ರಾಂ ಎನ್ನುತ್ತಾರೆ.

ವಿಟಮಿನ್‌ಗಳಲ್ಲಿ ಎರಡು ಬಗೆ. ಬಿ ಗುಂಪಿನ ಎಂಟು ಮತ್ತು ಸಿ ವಿಟಮಿನ್ ನೀರಿನಲ್ಲಿ ಕರಗುವಂಥವು. ಎ, ಡಿ, ಇ, ಕೆ ಇವು ನಾಲ್ಕು ಎಣ್ಣೆ-ತುಪ್ಪದಂಥ ಕೊಬ್ಬಿನಲ್ಲಿ ಕರಗುವಂಥವು. ಈ ಭೇದವನ್ನು ನೆನಪಿಡಿ. ಮುಂದೆ ಬರುವ ವಿಷಯಗಳಲ್ಲಿ ಬಹುಪಾಲು ಇದರ ಮೇಲೆಯೇ ನಿಂತಿದೆ.

ಬಾಯಿಯ ದಾರಿ

ನುಂಗಿದ ಗುಳಿಗೆ ಜಠರದಲ್ಲಿ ಒಡೆದು ಕರಗುತ್ತದೆ. ಅಲ್ಲಿಂದ ಸಣ್ಣ ಕರುಳಿಗೆ ಬರುತ್ತದೆ. ಸಣ್ಣ ಕರುಳಿನ ಒಳಗೋಡೆಯಲ್ಲಿ ಟವೆಲ್ಲಿನ ಎಳೆಗಳಂತೆ ಲಕ್ಷಾಂತರ ಸಣ್ಣ ಸಣ್ಣ ಎಳೆಗಳಿರುತ್ತವೆ. ವಿಟಮಿನ್‌ಗಳನ್ನು ಹೀರಿಕೊಳ್ಳುವ ಕೆಲಸ ಇವುಗಳದ್ದು. ನೀರಿನಲ್ಲಿ ಕರಗುವ ವಿಟಮಿನ್‌ಗಳು ಇಲ್ಲಿಂದ ರಕ್ತ ಸೇರಿ ಮೊದಲು ಲಿವರ್‌ಗೆ ಹೋಗಿ, ಅನಂತರ ಇಡೀ ದೇಹಕ್ಕೆ ಹಂಚಿಕೆಯಾಗುತ್ತವೆ. ಕೊಬ್ಬಿನಲ್ಲಿ ಕರಗುವ ವಿಟಮಿನ್‌ಗಳಿಗೆ ಪಿತ್ತರಸ ಮತ್ತು ಊಟದಲ್ಲಿರುವ ಎಣ್ಣೆ-ತುಪ್ಪ ಎರಡೂ ಬೇಕು. ಆದ್ದರಿಂದ ಡಿ ವಿಟಮಿನ್ನಿನ ಗುಳಿಗೆ ಅಥವಾ ಪುಡಿಯನ್ನು ಬರೀ ಹೊಟ್ಟೆಯಲ್ಲಿ ತೆಗೆದುಕೊಳ್ಳದೆ ಊಟದ ಜೊತೆ ಅಥವಾ ಹಾಲಿನ ಜೊತೆ ತೆಗೆದುಕೊಳ್ಳಲು ಹೇಳುತ್ತಾರೆ.

ಕರುಳು ಕಣ್ಣು ಮುಚ್ಚಿಕೊಂಡು ಎಲ್ಲವನ್ನೂ ಒಳಗೆ ಬಿಡುವುದಿಲ್ಲ. ದೇಹಕ್ಕೆ ಬೇಕಾದಷ್ಟನ್ನು ಚೆನ್ನಾಗಿ ಹೀರಿಕೊಂಡು, ಹೆಚ್ಚಾದದ್ದನ್ನು ಮಲದ ಜೊತೆ ಹೊರಗೆ ಕಳಿಸುತ್ತದೆ. ಸಿ ವಿಟಮಿನ್ನನ್ನೇ ನೋಡಿ. ದಿನದ ಊಟದಲ್ಲಿ ಸಿಗುವಷ್ಟು ಪ್ರಮಾಣದಲ್ಲಿ ಅದು ಶೇ. 70ರಿಂದ 90ರಷ್ಟು ಹೀರಲ್ಪಡುತ್ತದೆ. ಒಮ್ಮೆಗೇ ಒಂದು ಗ್ರಾಮಿಗಿಂತ ಹೆಚ್ಚು ನುಂಗಿದರೆ ಅರ್ಧಕ್ಕಿಂತ ಕಡಿಮೆ ಮಾತ್ರ ಒಳಗೆ ಹೋಗುತ್ತದೆ. ಇದು ಗುಳಿಗೆಯ ದೋಷವಲ್ಲ, ದೇಹವು ತನ್ನನ್ನು ತಾನು ಕಾಯ್ದುಕೊಳ್ಳುವ ರೀತಿ.

ಸೂಜಿಯ ದಾರಿ

ತೋಳಿಗೋ ಸೊಂಟಕ್ಕೋ ಸೂಜಿ ಮಾಡಿದಾಗ ಔಷಧ ಮಾಂಸಖಂಡದಲ್ಲಿ ನಿಲ್ಲುತ್ತದೆ. ಮಾಂಸಖಂಡದಲ್ಲಿ ಕೂದಲೆಳೆಗಿಂತ ಸಣ್ಣ ರಕ್ತನಾಳಗಳ ಬಲೆಯಿದೆ. ನೀರಿನಲ್ಲಿ ಕರಗುವ ವಿಟಮಿನ್ ಅದರೊಳಗೆ ಬೇಗನೆ ಇಳಿದು ರಕ್ತ ಸೇರುತ್ತದೆ. ಎಣ್ಣೆಯಲ್ಲಿ ಕಲಸಿದ ವಿಟಮಿನ್ ಆದರೆ ಅಲ್ಲಿಯೇ ಗಡ್ಡೆಯಂತೆ ಉಳಿದು ವಾರಗಟ್ಟಲೆ ನಿಧಾನವಾಗಿ ಬಿಡುಗಡೆಯಾಗುತ್ತದೆ. ಕೈಯ ರಕ್ತನಾಳಕ್ಕೆ ನೇರವಾಗಿ ಕೊಟ್ಟರೆ ಕ್ಷಣಮಾತ್ರದಲ್ಲಿ ರಕ್ತದಲ್ಲಿರುತ್ತದೆ.

ಸೂಜಿಯ ಹೆಚ್ಚುಗಾರಿಕೆ ಇಷ್ಟೇ: ಅದು ಜಠರ ಮತ್ತು ಕರುಳುಗಳನ್ನು ದಾಟಿ ಹೋಗುತ್ತದೆ. ಕೊಟ್ಟದ್ದೆಲ್ಲವೂ ರಕ್ತಕ್ಕೆ ಸೇರುತ್ತದೆ, ಬೇಗ ಸೇರುತ್ತದೆ. ಆದರೆ ರಕ್ತ ಸೇರಿದ್ದೆಲ್ಲವೂ ಮೈಗೆ ಹತ್ತುತ್ತದೆ ಎಂದು ತಿಳಿಯಬೇಡಿ. ನೀರಿನಲ್ಲಿ ಕರಗುವ ವಿಟಮಿನ್ ದೇಹದ ಅವಶ್ಯಕತೆಗಿಂತ ಹೆಚ್ಚಾದರೆ ಕಿಡ್ನಿ ಅದನ್ನು ಸೋಸಿ ಮೂತ್ರದಲ್ಲಿ ಹಾಕಿಬಿಡುತ್ತದೆ. ಬಿ-ಕಾಂಪ್ಲೆಕ್ಸ್ ಸೂಜಿ ಮಾಡಿಸಿಕೊಂಡ ದಿನ ಮೂತ್ರ ಗಾಢ ಹಳದಿಯಾಗುವುದನ್ನು ನೀವು ನೋಡಿರಬಹುದು. ಅದು ಉಷ್ಣವೂ ಅಲ್ಲ, ಕಾಮಾಲೆಯೂ ಅಲ್ಲ. ನೀವು ಹಣ ಕೊಟ್ಟು ಹಾಕಿಸಿಕೊಂಡ ಬಿ-2 ವಿಟಮಿನ್ ಹೊರಗೆ ಹೋಗುತ್ತಿರುವ ಗುರುತು.

ಗುಂಜಿಯಿಂದ ಬೆಳಗಾವಿಗೆ ರೈಲಿನಲ್ಲೂ ಹೋಗಬಹುದು, ಖಾನಾಪುರದ ಮೇಲೆ ಹಾಯ್ದು ಬಸ್ಸಿನಲ್ಲೂ ಹೋಗಬಹುದು. ಮುಟ್ಟಿದ ಮೇಲೆ ಊರು ಒಂದೇ. ಮಳೆಗಾಲದಲ್ಲಿ ರಸ್ತೆ ಕೆಟ್ಟಿದ್ದರೆ ರೈಲು ಹಿಡಿಯುವುದು ಬುದ್ಧಿವಂತಿಕೆ. ರಸ್ತೆ ಸರಿಯಿದ್ದಾಗ ಬಸ್ಸಿನಲ್ಲಿ ಹೋದವರು ಊರು ಮುಟ್ಟಲಿಲ್ಲ ಎನ್ನಲಾಗದು. ಗುಳಿಗೆ ಮತ್ತು ಸೂಜಿಯ ವ್ಯತ್ಯಾಸವೂ ಹೀಗೆಯೇ. ರಕ್ತಕ್ಕೆ ಸೇರಿದ ಮೇಲೆ ಆ ವಿಟಮಿನ್ ಯಾವ ಬಾಗಿಲಿನಿಂದ ಬಂತು ಎಂಬುದು ದೇಹಕ್ಕೆ ಮುಖ್ಯವಲ್ಲ. ಕರುಳಿನ ದಾರಿ ತೆರೆದಿದೆಯೇ ಇಲ್ಲವೇ ಎಂಬುದೇ ಮುಖ್ಯ.

ಬಿ-12: ಎಲ್ಲರೂ ತಿಳಿದಿರಬೇಕಾದ ವಿಟಮಿನ್

ಈ ಮಾತು ಚೆನ್ನಾಗಿ ಅರ್ಥವಾಗುವುದು ಬಿ-12 ವಿಟಮಿನ್ನಿನಲ್ಲಿ. ಇದು ಕಾಯಿಪಲ್ಯೆ, ಕಾಳು, ಹಣ್ಣುಗಳಲ್ಲಿ ಇರುವುದಿಲ್ಲ. ಮಾಂಸ, ಮೀನು, ತತ್ತಿ ಮತ್ತು ಹಾಲು, ಮೊಸರುಗಳಲ್ಲಿ ಮಾತ್ರ ಇರುತ್ತದೆ. ಮಾಂಸಾಹಾರ ಮಾಡದ ಮನೆತನಗಳಿಗೆ ಹಾಲು-ಮೊಸರೇ ಆಧಾರ. ಒಂದು ದೊಡ್ಡ ಲೋಟ ಹಾಲಿನಲ್ಲಿ ಸುಮಾರು 1 ಮೈಕ್ರೋಗ್ರಾಂ ಬಿ-12 ಸಿಗುತ್ತದೆ. ಹಾಲನ್ನೆಲ್ಲ ಡೇರಿಗೆ ಹಾಕಿ ಮನೆಯಲ್ಲಿ ಬರೀ ಚಹಾಕ್ಕೆ ಉಳಿಸಿಕೊಳ್ಳುವವರಿಗೆ ಇದು ಸಾಲುವುದಿಲ್ಲ.

ಊಟದಲ್ಲಿರುವ ಬಿ-12 ರಕ್ತ ಸೇರುವ ದಾರಿ ಸ್ವಲ್ಪ ಉದ್ದ. ಮೊದಲು ಜಠರದ ಆಮ್ಲವು ಅದನ್ನು ಆಹಾರದಿಂದ ಬಿಡಿಸಬೇಕು. ಆಮೇಲೆ ಜಠರದ ಗೋಡೆಯಲ್ಲಿ ತಯಾರಾಗುವ ಇಂಟ್ರಿನ್ಸಿಕ್ ಫ್ಯಾಕ್ಟರ್ ಎಂಬ ಪ್ರೋಟೀನ್ ಸಣ್ಣ ಕರುಳಿನಲ್ಲಿ ಅದನ್ನು ಕೈಹಿಡಿಯಬೇಕು. ಇವೆರಡೂ ಜೋಡಿಯಾಗಿ ಸಣ್ಣ ಕರುಳಿನ ಕೊನೆಯ ಭಾಗಕ್ಕೆ ಬಂದಾಗ ಮಾತ್ರ ಅಲ್ಲಿನ ಬಾಗಿಲು ತೆರೆಯುತ್ತದೆ. ಈ ಬಾಗಿಲಿನಿಂದ ಒಂದು ಸಲಕ್ಕೆ ಒಳಗೆ ಹೋಗುವುದು ಒಂದೂವರೆಯಿಂದ ಎರಡು ಮೈಕ್ರೋಗ್ರಾಂ ಮಾತ್ರ.

ಈ ಸಂಗತಿ ಗೊತ್ತಾಗಲು ವೈದ್ಯರಿಗೆ ಬಹಳ ವರ್ಷ ಬೇಕಾಯಿತು. ಮೊದಲು ಒಂದು ಬಗೆಯ ರಕ್ತಹೀನತೆಗೆ ಔಷಧವೇ ಇರಲಿಲ್ಲ, ರೋಗಿ ಸಾಯುವುದು ಖಂಡಿತ ಎನ್ನುತ್ತಿದ್ದರು. 1926ರಲ್ಲಿ ಅಮೆರಿಕದ ವೈದ್ಯರಾದ ಮೈನಾಟ್ ಮತ್ತು ಮರ್ಫಿ, ಇಂಥ ರೋಗಿಗಳು ದಿನವೂ ಹೆಚ್ಚು ಪ್ರಮಾಣದಲ್ಲಿ ಪ್ರಾಣಿಯ ಲಿವರ್ ತಿಂದರೆ ಗುಣವಾಗುತ್ತಾರೆ ಎಂದು ತೋರಿಸಿದರು. ಇದಕ್ಕೆ ದಾರಿ ಮಾಡಿದ ವಿಪಲ್ ಅವರೊಂದಿಗೆ ಈ ಇಬ್ಬರಿಗೂ 1934ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಕ್ಯಾಸಲ್ ಎಂಬ ವೈದ್ಯರು ಈ ರೋಗಿಗಳ ಜಠರದಲ್ಲೇ ಯಾವುದೋ ಒಂದು ವಸ್ತುವಿನ ಕೊರತೆ ಇದೆ ಎಂದು ಕಂಡುಹಿಡಿದರು. ಅದೇ ಇಂಟ್ರಿನ್ಸಿಕ್ ಫ್ಯಾಕ್ಟರ್. ಲಿವರ್‌ನಲ್ಲಿದ್ದ ಆ ಔಷಧವನ್ನು 1948ರಲ್ಲಿ ಬೇರ್ಪಡಿಸಿದಾಗ ಸಿಕ್ಕ ಕೆಂಪು ಹರಳೇ ಬಿ-12. ಇಂದಿಗೂ ಬಿ-12 ಇಂಜೆಕ್ಷನ್ನಿನ ಬಣ್ಣ ಕೆಂಪೇ. ಆ ಕೆಂಪು ಬಣ್ಣ ರಕ್ತದ್ದಲ್ಲ, ವಿಟಮಿನ್ನಿನದೇ.

ಜಠರದ ಆ ಪ್ರೋಟೀನ್ ಇಲ್ಲದವರಿಗೆ ಊಟದಲ್ಲಿ ಎಷ್ಟು ಬಿ-12 ಇದ್ದರೂ ಮೈಗೆ ಹತ್ತುವುದಿಲ್ಲ. ಅವರಿಗೆ ಸೂಜಿ ವರವಾಯಿತು. ಅಲ್ಲಿಂದ "ಬಿ-12 ಎಂದರೆ ಸೂಜಿಯೇ" ಎಂಬ ಭಾವನೆ ಬೇರೂರಿತು. ಆದರೆ ಪ್ರಕೃತಿ ಒಂದು ಹಿಂಬಾಗಿಲನ್ನೂ ಇಟ್ಟಿದೆ. ಯಾವ ಪ್ರೋಟೀನಿನ ನೆರವೂ ಇಲ್ಲದೆ, ನುಂಗಿದ ಬಿ-12ರಲ್ಲಿ ಸುಮಾರು ಶೇ. 1ರಷ್ಟು ಕರುಳಿನ ಗೋಡೆಯಿಂದ ತಾನಾಗಿಯೇ ಒಳಗೆ ಇಳಿಯುತ್ತದೆ.

ಲೆಕ್ಕ ಹಾಕಿ ನೋಡಿ. 1,000 ಮೈಕ್ರೋಗ್ರಾಮಿನ ಗುಳಿಗೆ ನುಂಗಿದರೆ ಶೇ. 1 ಎಂದರೆ 10 ಮೈಕ್ರೋಗ್ರಾಂ. ದಿನಕ್ಕೆ ಬೇಕಾದದ್ದು 2ರಿಂದ 2.5. ಬಹುಪಾಲು ಹೊರಗೆ ಹೋದರೂ ಬೇಕಾದದ್ದಕ್ಕಿಂತ ಹೆಚ್ಚೇ ಒಳಗೆ ಬಂತು. ಸ್ವೀಡನ್ ದೇಶದಲ್ಲಿ ದಶಕಗಳಿಂದ ಅನೇಕ ರೋಗಿಗಳಿಗೆ ಈ ದೊಡ್ಡ ಪ್ರಮಾಣದ ಗುಳಿಗೆಯನ್ನೇ ಕೊಡುತ್ತ ಬಂದಿದ್ದಾರೆ. ಇತ್ತ 1,000 ಮೈಕ್ರೋಗ್ರಾಮಿನ ಸೂಜಿ ಮಾಡಿದರೆ ಅಷ್ಟೂ ರಕ್ತಕ್ಕೆ ಹೋಗುತ್ತದೆ. ಆದರೆ ಅದರ ದೊಡ್ಡ ಪಾಲು ಒಂದೆರಡು ದಿನದಲ್ಲಿ ಮೂತ್ರದಲ್ಲಿ ಹೋಗಿ, ಉಳಿದದ್ದು ಲಿವರ್‌ನಲ್ಲಿ ಶೇಖರವಾಗುತ್ತದೆ. ಹೈಡ್ರಾಕ್ಸೊಕೊಬಾಲಮಿನ್ ಎಂಬ ಬಗೆಯ ಬಿ-12 ಹೆಚ್ಚು ದಿನ ಉಳಿಯುತ್ತದೆ.

ಹಾಗಾದರೆ ವೈದ್ಯರು ಕೆಲವರಿಗೆ ಸೂಜಿಯನ್ನೇ ಏಕೆ ಬರೆಯುತ್ತಾರೆ? ಲಿವರ್‌ನ ಉಗ್ರಾಣ ಪೂರ್ತಿ ಖಾಲಿಯಾಗಿ, ನರಗಳಿಗೆ ಪೆಟ್ಟು ಬೀಳಲು ಶುರುವಾಗಿದ್ದರೆ ಕಾಯುತ್ತ ಕೂರುವಂತಿಲ್ಲ. ಮೊದಲ ಕೆಲವು ವಾರ ಮೇಲಿಂದ ಮೇಲೆ ಸೂಜಿ ಮಾಡಿ ಉಗ್ರಾಣ ತುಂಬಬೇಕು. ಆಮೇಲೆ, ಕೊರತೆಯ ಕಾರಣ ಬರೀ ಊಟದಲ್ಲಿದ್ದರೆ ಗುಳಿಗೆಗೆ ಬದಲಾಯಿಸಬಹುದು. ಕಾರಣ ಜಠರ ಅಥವಾ ಕರುಳಿನಲ್ಲಿದ್ದರೆ ತಿಂಗಳಿಗೊಮ್ಮೆ, ಇಲ್ಲವೆ ಎರಡು-ಮೂರು ತಿಂಗಳಿಗೊಮ್ಮೆ ಸೂಜಿ ಜೀವನಪರ್ಯಂತ ಬೇಕಾಗಬಹುದು.

ಈ ಲಕ್ಷಣಗಳಿದ್ದರೆ ತಡಮಾಡದೆ ವೈದ್ಯರಿಗೆ ಹೇಳಿ:

1. ಅಂಗೈ, ಅಂಗಾಲುಗಳಲ್ಲಿ ಜುಮುಜುಮು, ಜೋಮು, ಉರಿ. ಚಪ್ಪಲಿ ಜಾರಿದರೂ ತಿಳಿಯದಿರುವುದು.
2. ಕತ್ತಲಲ್ಲಿ ಅಥವಾ ಕಣ್ಣು ಮುಚ್ಚಿ ಮುಖ ತೊಳೆಯುವಾಗ ತೋಲ ತಪ್ಪುವುದು.
3. ನಾಲಿಗೆ ಕೆಂಪಾಗಿ ನುಣುಪಾಗುವುದು, ಖಾರ ತಿಂದರೆ ಉರಿಯುವುದು.
4. ಸುಸ್ತು, ಏದುಸಿರು, ಮುಖ ಬಿಳಿಚಿಕೊಳ್ಳುವುದು.
5. ವಯಸ್ಸಾದವರಲ್ಲಿ ಹೊಸದಾಗಿ ಮರೆವು, ಸಿಡಿಮಿಡಿ.

ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ಗುಳಿಗೆ ತೆಗೆದುಕೊಳ್ಳುವವರು, ಎದೆಯುರಿಗೆಂದು ಒಮೆಪ್ರಝೋಲ್, ಪ್ಯಾಂಟೊಪ್ರಝೋಲ್ ಗುಳಿಗೆಗಳನ್ನು ದೀರ್ಘಕಾಲ ನುಂಗುವವರು, ಜಠರದ ಅಥವಾ ಸಣ್ಣ ಕರುಳಿನ ಆಪರೇಷನ್ ಆದವರು, ಕರುಳಿನ ಕ್ಷಯ ಬಂದುಹೋದವರು, ವಯಸ್ಸಾದವರು, ಇವರೆಲ್ಲರಲ್ಲೂ ಬಿ-12 ಕಡಿಮೆ ಹೀರಲ್ಪಡುತ್ತದೆ. ಹಾಗೆಂದು ಆ ಗುಳಿಗೆಗಳನ್ನು ನೀವಾಗಿಯೇ ನಿಲ್ಲಿಸಕೂಡದು. ರಕ್ತ ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಿ.

ಫೋಲಿಕ್ ಆಮ್ಲದ ವಿಷಯದಲ್ಲಿ ಎಚ್ಚರ

ಬಿ-12ಕ್ಕೆ ಜೊತೆಗಾರನಂತಿರುವ ಇನ್ನೊಂದು ವಿಟಮಿನ್ ಫೋಲಿಕ್ ಆಮ್ಲ. ಇದರ ಕಥೆ ನಮ್ಮ ದೇಶಕ್ಕೆ ಸೇರಿದ್ದು. ಇಂಗ್ಲೆಂಡಿನ ಲೂಸಿ ವಿಲ್ಸ್ ಎಂಬ ವೈದ್ಯೆ 1928ರಲ್ಲಿ ಮುಂಬಯಿಗೆ ಬಂದು ಬಡ ಗರ್ಭಿಣಿಯರ ರಕ್ತಹೀನತೆಯನ್ನು ಅಭ್ಯಾಸ ಮಾಡಿದರು. ಯೀಸ್ಟಿನ ಸಾರವನ್ನು ತಿನ್ನಿಸಿದರೆ ಅವರ ರಕ್ತ ಸುಧಾರಿಸುತ್ತದೆ ಎಂದು 1931ರಲ್ಲಿ ಪ್ರಕಟಿಸಿದರು. ಯೀಸ್ಟಿನಲ್ಲಿದ್ದ ಆ ವಸ್ತುವೇ ಫೋಲಿಕ್ ಆಮ್ಲ. ಮುಂದೆ ಅದನ್ನು ಅಮೆರಿಕದಲ್ಲಿ ತಯಾರಿಸಿದ ತಂಡವನ್ನು ನಡೆಸಿದವರು ಆಂಧ್ರದಿಂದ ಹೋದ ಯಲ್ಲಾಪ್ರಗಡ ಸುಬ್ಬರಾವ್. ಬಾಯಿಯಿಂದ ತೆಗೆದುಕೊಂಡ ಫೋಲಿಕ್ ಆಮ್ಲ ಬಹಳ ಚೆನ್ನಾಗಿ ಹೀರಲ್ಪಡುತ್ತದೆ. ಸಾಮಾನ್ಯವಾಗಿ ಇದಕ್ಕೆ ಸೂಜಿ ಬೇಕಾಗುವುದೇ ಇಲ್ಲ.

ಎಚ್ಚರ ಬೇಕಾದದ್ದು ಇಲ್ಲಿ: ಬಿ-12 ಕೊರತೆ ಇದ್ದವರು ಬರೀ ಫೋಲಿಕ್ ಆಮ್ಲ ನುಂಗಿದರೆ ರಕ್ತ ಸುಧಾರಿಸಿದಂತೆ ಕಾಣುತ್ತದೆ, ಆದರೆ ನರಗಳು ಒಳಗೊಳಗೇ ಹಾಳಾಗುತ್ತ ಹೋಗುತ್ತವೆ. ಆದ್ದರಿಂದ "ರಕ್ತ ಕಡಿಮೆ" ಎಂದ ಕೂಡಲೇ ಅಂಗಡಿಯಿಂದ ಗುಳಿಗೆ ತಂದು ನುಂಗದೆ, ಯಾವುದು ಕಡಿಮೆಯಾಗಿದೆ ಎಂದು ಮೊದಲು ಪರೀಕ್ಷೆ ಮಾಡಿಸಿ.

ಕಬ್ಬಿಣದ ಅಂಶ: ಗರ್ಭಿಣಿಯರಿಗೆ ಒಂದು ಮಾತು

ಕಬ್ಬಿಣ ವಿಟಮಿನ್ ಅಲ್ಲ, ಖನಿಜ. ಆದರೂ ಗುಳಿಗೆಯೋ ಸೂಜಿಯೋ ಎಂಬ ಪ್ರಶ್ನೆ ಹೆಚ್ಚಾಗಿ ಬರುವುದು ಇದರ ಬಗ್ಗೆಯೇ. 2018ರಲ್ಲಿ ಆರಂಭವಾದ ರಕ್ತಹೀನತೆ ಮುಕ್ತ ಭಾರತ ಕಾರ್ಯಕ್ರಮದಂತೆ ಗರ್ಭಿಣಿಯರಿಗೆ 60 ಮಿಲಿಗ್ರಾಂ ಕಬ್ಬಿಣ ಮತ್ತು 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುವ ಗುಳಿಗೆಯನ್ನು ದಿನಕ್ಕೊಂದರಂತೆ 180 ದಿನ ಕೊಡುತ್ತಾರೆ, ಹೆರಿಗೆಯ ನಂತರವೂ 180 ದಿನ. ಗುಳಿಗೆ ನುಂಗಿದಾಗ ಮಲ ಕಪ್ಪಾಗುತ್ತದೆ, ಅದಕ್ಕೆ ಹೆದರಬೇಡಿ. ಹೊಟ್ಟೆ ತೊಳಸಿದರೆ ನಿಲ್ಲಿಸುವ ಬದಲು ರಾತ್ರಿ ಊಟದ ನಂತರ ತೆಗೆದುಕೊಂಡು ನೋಡಿ. ಚಹಾದ ಜೊತೆ ನುಂಗಿದರೆ ಕಬ್ಬಿಣ ಮೈಗೆ ಹತ್ತುವುದಿಲ್ಲ. ಲಿಂಬೆ ರಸದ ಜೊತೆ ಚೆನ್ನಾಗಿ ಹತ್ತುತ್ತದೆ.

ಹಿಮೋಗ್ಲೋಬಿನ್ ಬಹಳ ಕಡಿಮೆ ಇದ್ದಾಗ, ಹೆರಿಗೆ ಹತ್ತಿರ ಬಂದಾಗ, ಅಥವಾ ಗುಳಿಗೆ ತಾಳದಿದ್ದಾಗ ರಕ್ತನಾಳದ ಮೂಲಕ ಕಬ್ಬಿಣ ಕೊಡುತ್ತಾರೆ. ಇದು ನಮ್ಮ ಬೆಳಗಾವಿಯಲ್ಲೇ ದೊಡ್ಡ ಅಧ್ಯಯನದ ವಿಷಯವಾಗಿದೆ. ಜೆ.ಎನ್. ಮೆಡಿಕಲ್ ಕಾಲೇಜಿನ ಸಂಶೋಧಕರು ಅಮೆರಿಕದ ಥಾಮಸ್ ಜೆಫರ್ಸನ್ ವಿಶ್ವವಿದ್ಯಾಲಯದವರ ಜೊತೆ ಸೇರಿ, ಕರ್ನಾಟಕ ಮತ್ತು ರಾಜಸ್ಥಾನಗಳಲ್ಲಿ ಮಧ್ಯಮ ಪ್ರಮಾಣದ ರಕ್ತಹೀನತೆ ಇರುವ 4,320 ಗರ್ಭಿಣಿಯರ ಮೇಲೆ 2021ರಲ್ಲಿ ಅಧ್ಯಯನ ಆರಂಭಿಸಿದರು. ಒಂದೇ ಸಲ ರಕ್ತನಾಳದ ಮೂಲಕ ಕೊಟ್ಟ ಕಬ್ಬಿಣವನ್ನು ದಿನನಿತ್ಯದ ಗುಳಿಗೆಯ ಜೊತೆ ಅಳೆದು ನೋಡುವುದು ಅದರ ಉದ್ದೇಶ. ಸೂಜಿ ಎಂದೊಡನೆ ಗುಳಿಗೆಗಿಂತ ಮೇಲು ಎಂದು ಊಹೆಯ ಮೇಲೆ ಹೇಳಲಾಗದು, ಅಳೆದೇ ನೋಡಬೇಕು ಎಂಬುದಕ್ಕೆ ಇದೇ ಸಾಕ್ಷಿ.

ಗುಳಿಗೆಗೆ ಶಕ್ತಿಯಿಲ್ಲ ಎನ್ನುವವರಿಗೆ ನಮ್ಮ ಜಿಲ್ಲೆಯದೇ ಇನ್ನೊಂದು ಉದಾಹರಣೆ ಹೇಳಬಹುದು. ಇದು ವಿಟಮಿನ್ನಿನದಲ್ಲ, ಹೆರಿಗೆಯ ನಂತರದ ರಕ್ತಸ್ರಾವದ್ದು. 2002ರಿಂದ 2005ರವರೆಗೆ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ 1,620 ಬಾಣಂತಿಯರ ಮೇಲೆ ನಡೆದ ಅಧ್ಯಯನದಲ್ಲಿ, ಹೆರಿಗೆಯಾದ ಕೂಡಲೇ ಮಿಸೊಪ್ರೊಸ್ಟಾಲ್ ಗುಳಿಗೆ ನುಂಗಿಸಿದವರಲ್ಲಿ ಅತಿಯಾದ ರಕ್ತಸ್ರಾವ ಶೇ. 12ರಿಂದ ಶೇ. 6.4ಕ್ಕೆ ಇಳಿಯಿತು. ಬಾಯಿಯಿಂದ ಕೊಟ್ಟ ಗುಳಿಗೆಯೇ ಇಷ್ಟು ಕೆಲಸ ಮಾಡಿತು.

ಸೂಜಿ ಬೇಕೇಬೇಕಾದ ಸಂದರ್ಭಗಳು

ಮೇಲೆ ಹೇಳಿದ ಬಿ-12 ಮತ್ತು ಕಬ್ಬಿಣವಲ್ಲದೆ ಇನ್ನೂ ಕೆಲವು ಸಂದರ್ಭಗಳಲ್ಲಿ ಸೂಜಿಯೇ ಸರಿಯಾದ ದಾರಿ:

1. ಹುಟ್ಟಿದ ಕೂಸಿಗೆ ಕೆ ವಿಟಮಿನ್. ಕೂಸಿನ ದೇಹದಲ್ಲಿ ಇದರ ಸಂಗ್ರಹ ಇರುವುದಿಲ್ಲ, ತಾಯಿಯ ಹಾಲಿನಲ್ಲೂ ಇದು ಕಡಿಮೆ. ಇಲ್ಲದಿದ್ದರೆ ರಕ್ತ ಹೆಪ್ಪುಗಟ್ಟದೆ ಕೂಸಿನ ಮಿದುಳಿನಲ್ಲಿ ರಕ್ತಸ್ರಾವ ಆಗಬಹುದು. ಹೆರಿಗೆ ಆದ ಕೂಡಲೇ ಕೂಸಿನ ತೊಡೆಗೆ ಮಾಡುವ ಈ ಒಂದು ಸೂಜಿಯನ್ನು "ಎಳೆ ಕೂಸಿಗೆ ಯಾಕೆ" ಎಂದು ಬೇಡವೆನ್ನಬೇಡಿ.
2. ಬಹಳ ಕುಡಿಯುವ ಚಟದವರಿಗೆ ಗೊಂದಲ, ತೂರಾಟ, ಕಣ್ಣು ಓಲಾಟ ಕಂಡರೆ ಬಿ-1 ವಿಟಮಿನ್. ಮದ್ಯವು ಕರುಳಿನಲ್ಲಿ ಬಿ-1 ಹೀರುವುದನ್ನೇ ತಡೆಯುತ್ತದೆ. ಇಂಥವರಿಗೆ ಬಿ-1 ಕೊಡದೆ ಗ್ಲೂಕೋಸ್ ಬಾಟಲಿ ಹಚ್ಚಿದರೆ ಮಿದುಳಿಗೆ ಅಪಾಯ. ಕುಡಿಯುವ ವಿಷಯವನ್ನು ನಾಚಿಕೊಂಡು ಮುಚ್ಚಿಡದೆ ವೈದ್ಯರಿಗೆ ತಿಳಿಸಿ.
3. ಎಡೆಬಿಡದೆ ವಾಂತಿ ಆಗುತ್ತಿದ್ದರೆ, ಪ್ರಜ್ಞೆ ಇಲ್ಲದಿದ್ದರೆ, ಆಪರೇಷನ್ ಆಗಿ ಬಾಯಿಯಿಂದ ಏನೂ ಕೊಡುವಂತಿಲ್ಲದಿದ್ದರೆ.
4. ಪಿತ್ತನಾಳ ಕಟ್ಟಿಕೊಂಡು ಕಾಮಾಲೆ ಆದವರಿಗೆ ಕೊಬ್ಬಿನಲ್ಲಿ ಕರಗುವ ವಿಟಮಿನ್‌ಗಳು.

ಇದರ ಎದುರಿಗೆ ಎ ವಿಟಮಿನ್ನನ್ನು ನೋಡಿ. ಮಕ್ಕಳಿಗೆ ಕಣ್ಣು ಹೋಗದಂತೆ 9ನೇ ತಿಂಗಳಿಗೆ 1 ಲಕ್ಷ ಯೂನಿಟ್, ಆಮೇಲೆ 5 ವರ್ಷದವರೆಗೆ ಆರು ತಿಂಗಳಿಗೊಮ್ಮೆ 2 ಲಕ್ಷ ಯೂನಿಟ್ ಕೊಡುತ್ತಾರೆ. ಎಲ್ಲವೂ ಬಾಯಿಗೆ, ಚಮಚದಲ್ಲಿ. ಸೂಜಿ ಇಲ್ಲದೆಯೇ ಆರು ತಿಂಗಳಿಗೆ ಸಾಕಾಗುವಷ್ಟು ಲಿವರ್‌ನಲ್ಲಿ ಕೂಡಿಬೀಳುತ್ತದೆ.

ಡಿ ವಿಟಮಿನ್: ಹೆಚ್ಚಾದರೆ ವಿಷ

ಕೊಬ್ಬಿನಲ್ಲಿ ಕರಗುವ ವಿಟಮಿನ್ ಹೆಚ್ಚಾದರೆ ಮೂತ್ರದಲ್ಲಿ ಸುಲಭವಾಗಿ ಹೊರಗೆ ಹೋಗುವುದಿಲ್ಲ, ದೇಹದಲ್ಲೇ ಕೂಡುತ್ತದೆ. 60,000 ಯೂನಿಟ್ಟಿನ ಡಿ ವಿಟಮಿನ್ ಗುಳಿಗೆಯನ್ನು ಸಾಮಾನ್ಯವಾಗಿ ವಾರಕ್ಕೊಂದರಂತೆ ಬರೆಯುತ್ತಾರೆ. ಚೀಟಿ ಸರಿಯಾಗಿ ಓದದೆ ದಿನಕ್ಕೊಂದು ನುಂಗಿದವರಿಗೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಮಲಬದ್ಧತೆ, ಅತಿಯಾದ ಬಾಯಾರಿಕೆ, ಕೊನೆಗೆ ಕಿಡ್ನಿಯ ತೊಂದರೆ ಆಗಬಹುದು. 3 ಲಕ್ಷ, 6 ಲಕ್ಷ ಯೂನಿಟ್ಟಿನ ಡಿ ವಿಟಮಿನ್ ಸೂಜಿ ಎಣ್ಣೆಯಲ್ಲಿರುತ್ತದೆ. ಅದು ಗುಳಿಗೆಗಿಂತ ನಿಧಾನವಾಗಿ ರಕ್ತ ಸೇರುತ್ತದೆ. ಒಮ್ಮೆ ಮಾಡಿದ ಮೇಲೆ ಹಿಂದಕ್ಕೆ ತೆಗೆಯಲು ಬರುವುದಿಲ್ಲ. ಮಂಡಿನೋವಿಗೆಂದು ಒಂದು ಕಡೆ ಸೂಜಿ, ಇನ್ನೊಂದು ಕಡೆ ಗುಳಿಗೆ ಎರಡನ್ನೂ ತೆಗೆದುಕೊಳ್ಳಕೂಡದು. ಹಳೆಯ ಚೀಟಿಗಳನ್ನು ಜೊತೆಗೆ ತನ್ನಿ.

ಸಲೈನ್ ಬಾಟಲಿಯಲ್ಲಿ ಏನಿದೆ?

ಸುಸ್ತು ಎಂದ ಕೂಡಲೇ "ಒಂದು ಬಾಟಲಿ ಹಚ್ಚಿರಿ" ಎನ್ನುವವರು ಬಹಳ. 500 ಮಿ.ಲೀ. ಗ್ಲೂಕೋಸ್ ಬಾಟಲಿಯಲ್ಲಿ ಇರುವುದು 25 ಗ್ರಾಂ ಗ್ಲೂಕೋಸ್, ಉಳಿದದ್ದು ನೀರು. ಅದರಿಂದ ಸಿಗುವ ಶಕ್ತಿ ಹೆಚ್ಚೆಂದರೆ 100 ಕ್ಯಾಲರಿ. ಒಂದು ಜೋಳದ ರೊಟ್ಟಿಯಲ್ಲಿ ಇದಕ್ಕಿಂತ ಹೆಚ್ಚು ಶಕ್ತಿಯಿದೆ. ಇನ್ನೊಂದು ಬಗೆಯ ಸಲೈನ್ ಬಾಟಲಿಯಲ್ಲಿ ಅಷ್ಟೇ ನೀರಿಗೆ ನಾಲ್ಕೂವರೆ ಗ್ರಾಂ ಉಪ್ಪು ಮಾತ್ರ. ಒಂದು ವಿಟಮಿನ್ ಸೂಜಿಯನ್ನು ಅದರಲ್ಲಿ ಬೆರೆಸಿ ಹಳದಿ ಮಾಡಿದರೆ ಬಣ್ಣ ಬರುತ್ತದೆ, ಶಕ್ತಿ ಬರುವುದಿಲ್ಲ.

ಬಾಯಿಯ ದಾರಿಗೆ ಎಷ್ಟು ಬಲವಿದೆ ಎಂಬುದು 1971ರಲ್ಲಿ ಜಗತ್ತಿಗೆ ಗೊತ್ತಾಯಿತು. ಬಾಂಗ್ಲಾದೇಶದ ಯುದ್ಧದ ಕಾಲದಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿತು. ಸಲೈನ್ ಬಾಟಲಿಗಳು ಸಾಲದಾದಾಗ ಡಾ. ದಿಲೀಪ್ ಮಹಲನಬಿಸ್ ಅವರು ಉಪ್ಪು-ಸಕ್ಕರೆಯ ಪುಡಿಯನ್ನು ನೀರಿನಲ್ಲಿ ಕಲಸಿ ಬಂಧುಗಳ ಕೈಯಿಂದಲೇ ಕುಡಿಸಿದರು. ನೂರಕ್ಕೆ ಸುಮಾರು 30 ಜನ ಸಾಯುತ್ತಿದ್ದಲ್ಲಿ ಸಾವು 4ಕ್ಕಿಂತ ಕೆಳಗೆ ಇಳಿಯಿತು. ಇಂದು ನಾವು ಓಆರ್‌ಎಸ್ ಎನ್ನುವುದು ಇದನ್ನೇ.

"ಸೂಜಿ ಮಾಡಿಸಿಕೊಂಡ್ರ ಆರಾಮ ಅನಸತೈತಿ" ಎಂದರೆ?

ಆರಾಮ ಅನಿಸುವುದು ಸುಳ್ಳಲ್ಲ. ನಿಜವಾಗಿ ಕೊರತೆ ಇದ್ದವರಿಗೆ ಗುಣ ಕಾಣುತ್ತದೆ. ಕೊರತೆ ಇಲ್ಲದವರಿಗೂ ವೈದ್ಯರು ಮುಟ್ಟಿ ನೋಡಿದರು, ಏನೋ ಮಾಡಿದರು ಎಂಬ ಸಮಾಧಾನ, ಆ ದಿನದ ವಿಶ್ರಾಂತಿ ಎರಡೂ ಸೇರಿ ಹಗುರ ಅನಿಸುತ್ತದೆ. ಕೆಲವು ಕಡೆ ತಾಕತ್ತಿನ ಸೂಜಿಯೆಂದು ನೋವಿನ ಔಷಧವನ್ನೋ ಸ್ಟಿರಾಯ್ಡನ್ನೋ ಬೆರೆಸಿ ಕೊಡುವುದೂ ಉಂಟು. ಎರಡು ದಿನ ಮೈನೋವು ಮಾಯವಾಗುತ್ತದೆ, ಆಮೇಲೆ ಸಕ್ಕರೆ ಕಾಯಿಲೆ, ಎಲುಬು ಸವೆತ ಬೆನ್ನು ಹತ್ತುತ್ತವೆ. ಇದಕ್ಕಿಂತ ದೊಡ್ಡ ನಷ್ಟವೆಂದರೆ ಕಾಲ ಕಳೆದುಹೋಗುವುದು. ಸುಸ್ತಿಗೆ ಕ್ಷಯ, ಸಕ್ಕರೆ ಕಾಯಿಲೆ, ಥೈರಾಯ್ಡ್, ಮೂಲವ್ಯಾಧಿಯ ರಕ್ತಸ್ರಾವ, ಮುಟ್ಟಿನ ಅತಿ ಸ್ರಾವ, ಕ್ಯಾನ್ಸರ್ ಹೀಗೆ ಎಷ್ಟೋ ಕಾರಣಗಳಿರುತ್ತವೆ. ವಾರಕ್ಕೊಂದು ಸೂಜಿಯಿಂದ ಅವನ್ನು ಮುಚ್ಚಿಡುತ್ತ ಹೋದರೆ, ಕಂಡುಹಿಡಿಯುವ ಹೊತ್ತಿಗೆ ರೋಗ ಕೈಮೀರಿರುತ್ತದೆ.

ಬೇಡದ ಸೂಜಿಯ ಅಪಾಯಗಳು

2002ರಿಂದ 2004ರವರೆಗೆ ದೇಶದಾದ್ಯಂತ ನಡೆದ ಒಂದು ಅಧ್ಯಯನದಲ್ಲಿ, ಕೊಟ್ಟ ಇಂಜೆಕ್ಷನ್‌ಗಳಲ್ಲಿ ಶೇ. 60ಕ್ಕೂ ಹೆಚ್ಚು ಸುರಕ್ಷಿತವಾಗಿರಲಿಲ್ಲ ಎಂದು ಕಂಡುಬಂತು. 2009ರಲ್ಲಿ ಗುಜರಾತಿನ ಮೊಡಾಸಾ ಊರಿನಲ್ಲಿ, ಒಬ್ಬರಿಗೆ ಬಳಸಿದ ಸಿರಿಂಜನ್ನು ಇನ್ನೊಬ್ಬರಿಗೆ ಬಳಸಿದ್ದರಿಂದ ಹೆಪಟೈಟಿಸ್ ಬಿ ಕಾಮಾಲೆ ಹಬ್ಬಿ ಅನೇಕರು ಪ್ರಾಣ ಕಳೆದುಕೊಂಡರು. ಹೆಪಟೈಟಿಸ್ ಸಿ ಮತ್ತು ಎಚ್‌ಐವಿ ಸಹ ಇದೇ ದಾರಿಯಿಂದ ಬರಬಲ್ಲವು. ಸ್ವಚ್ಛತೆ ಇಲ್ಲದ ಸೂಜಿಯಿಂದ ಕೀವುಗಡ್ಡೆ ಆಗುತ್ತದೆ. ಸೊಂಟದಲ್ಲಿ ತಪ್ಪು ಜಾಗಕ್ಕೆ ಚುಚ್ಚಿದರೆ ಕಾಲಿನ ದೊಡ್ಡ ನರಕ್ಕೆ ಪೆಟ್ಟಾಗಿ ಪಾದ ಜೋಲು ಬೀಳಬಹುದು. ಬಿ-1, ಕೆ ವಿಟಮಿನ್ ಮತ್ತು ಕಬ್ಬಿಣವನ್ನು ರಕ್ತನಾಳಕ್ಕೆ ಕೊಡುವಾಗ ವಿರಳವಾಗಿ ತೀವ್ರ ಅಲರ್ಜಿ ಆಗುವುದುಂಟು. ಅದಕ್ಕೆ ತಕ್ಷಣ ಔಷಧ ಕೊಡುವ ಸೌಕರ್ಯವಿರುವ ಆಸ್ಪತ್ರೆಯಲ್ಲೇ ಇವನ್ನು ಮಾಡಿಸಿಕೊಳ್ಳಬೇಕು. ಬಿ-6 ವಿಟಮಿನ್ನನ್ನು ಹೆಚ್ಚು ಪ್ರಮಾಣದಲ್ಲಿ ಬಹಳ ಕಾಲ ತೆಗೆದುಕೊಂಡರೆ ನರಗಳೇ ಹಾಳಾಗುತ್ತವೆ.

ಆದ್ದರಿಂದ ಸೂಜಿ ಅವಶ್ಯವಿದ್ದಾಗ ಮಾತ್ರ ಮಾಡಿಸಿಕೊಳ್ಳಿ. ಹೊಸ ಸಿರಿಂಜಿನ ಕವರನ್ನು ನಿಮ್ಮ ಕಣ್ಣೆದುರಿಗೇ ಒಡೆಯಲು ಹೇಳಿ. ಕೇಳಲು ಸಂಕೋಚ ಬೇಡ.

ಮನೆಯಲ್ಲಿ ನೀವು ಮಾಡಬೇಕಾದದ್ದು

- ದಿನಕ್ಕೆ ಎರಡು ಲೋಟದಷ್ಟು ಹಾಲು, ಮೊಸರು ಸೇವಿಸಿ. ಮಾಂಸಾಹಾರ ಮಾಡುವವರು ತತ್ತಿ, ಮೀನು ಉಣ್ಣಬಹುದು.
- ಮೆಂತ್ಯೆ, ರಾಜಗಿರಿ, ಪಾಲಕ್ ಪಲ್ಯೆ, ಮೊಳಕೆ ಬರಿಸಿದ ಹೆಸರು, ಮಡಿಕೆ ಕಾಳು, ಶೇಂಗಾ ಊಟದಲ್ಲಿರಲಿ. ಪಲ್ಯೆಯ ಮೇಲೆ ಲಿಂಬೆ ಹಿಂಡಿರಿ.
- ಊಟವಾದ ಕೂಡಲೇ ಚಹಾ ಕುಡಿಯಬೇಡಿ. ಒಂದು ತಾಸಾದರೂ ಬಿಡಿ.
- ಅಕ್ಕಿಯನ್ನು ಬಹಳ ಸಲ ತೊಳೆದು ಗಂಜಿ ಬಸಿದು ಚೆಲ್ಲಿದರೆ ಬಿ ವಿಟಮಿನ್‌ಗಳೂ ಅದರ ಜೊತೆ ಹೋಗುತ್ತವೆ.
- ಕಬ್ಬಿಣದ ಗುಳಿಗೆ ಮತ್ತು ಕ್ಯಾಲ್ಸಿಯಂ ಗುಳಿಗೆಯನ್ನು ಒಟ್ಟಿಗೆ ನುಂಗಬೇಡಿ. ಒಂದು ಮುಂಜಾನೆ, ಒಂದು ರಾತ್ರಿ ಇರಲಿ.
- ಗುಳಿಗೆ ಕೆಲಸ ಮಾಡಲು ವಾರಗಳು ಬೇಕು. ನಾಲ್ಕು ದಿನಕ್ಕೆ ಗುಣ ಕಾಣಲಿಲ್ಲವೆಂದು ಬಿಡಬೇಡಿ.
- ಜೀವನಪರ್ಯಂತ ಬಿ-12 ಸೂಜಿ ಬೇಕೆಂದು ವೈದ್ಯರು ಹೇಳಿದ್ದರೆ ಮುಂದಿನ ತಾರೀಖನ್ನು ಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ವಯಸ್ಸಾದವರಿದ್ದರೆ ಈ ಜವಾಬ್ದಾರಿ ಮಕ್ಕಳು, ಸೊಸೆಯಂದಿರು ವಹಿಸಿಕೊಳ್ಳಬೇಕು.

ವೈದ್ಯರನ್ನು ಕೇಳಬೇಕಾದ ಮೂರು ಪ್ರಶ್ನೆಗಳು

ಸೂಜಿ ಬರೆದಾಗಲೂ, ಗುಳಿಗೆ ಬರೆದಾಗಲೂ ಈ ಮೂರು ಪ್ರಶ್ನೆ ಕೇಳಿ. ನನಗೆ ಯಾವುದರ ಕೊರತೆ ಇದೆ? ಆ ಕೊರತೆ ಊಟದಿಂದ ಬಂತೋ, ಕರುಳಿನಲ್ಲಿ ಹೀರದೆ ಬಂತೋ? ಎಷ್ಟು ದಿನ ತೆಗೆದುಕೊಳ್ಳಬೇಕು? ಇವುಗಳ ಉತ್ತರ ತಿಳಿದಿದ್ದರೆ ಬೇಡದ ಸೂಜಿಗೆ ಹಣ ಹೋಗುವುದಿಲ್ಲ, ಬೇಕಾದ ಸೂಜಿ ತಪ್ಪುವುದಿಲ್ಲ.

ಈ ಹಾಳೆಯನ್ನು ಓದಿದ ಮೇಲೆ ಬಿಸಾಡದೆ ಮನೆಗೆ ಒಯ್ಯಿರಿ. ಓದಲು ಬಾರದ ಹಿರಿಯರಿಗೆ ಓದಿ ಹೇಳಿರಿ. ಮರಾಠಿ ಮಾತಾಡುವ ನೆರೆಹೊರೆಯವರಿಗೆ ಅವರ ಮಾತಿನಲ್ಲೇ ತಿಳಿಸಿರಿ. ಮುಂದಿನ ಸಲ ಬರುವಾಗ ನುಂಗುತ್ತಿರುವ ಎಲ್ಲ ಗುಳಿಗೆಗಳ ಪಟ್ಟಿ, ಹಿಂದೆ ಮಾಡಿಸಿಕೊಂಡ ಸೂಜಿಗಳ ಚೀಟಿ ತಪ್ಪದೆ ತನ್ನಿರಿ. ನಿಮಗೆ ಬೇಗನೆ ಆರಾಮವಾಗಲಿ.